ಮುಟ್ಟು ನಿಲ್ಲುವ ಹೊತ್ತಿಗೆ ಮೂಗಿಗೇನಾಯಿತು?

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಡಕೆ ತೋಟ, ಎರಡು ಎಮ್ಮೆ ಇವೆ. ಎರಡು ವರ್ಷದಿಂದ ಸೈನಸ್ ಕಾಟ ವಿಪರೀತವಾಗಿದೆ. ಬೆಳಗ್ಗೆ ಎದ್ದರೆ ಮೂಗು ಕಟ್ಟಿರುತ್ತದೆ, ಒಳಗೆ ಹಕ್ಕಳೆ. ಗಂಟಲ ಹಿಂದೆ ಅಂಟಂಟು ಕಫ, ಎಷ್ಟು ಕ್ಯಾಕರಿಸಿದರೂ ಬರುವುದಿಲ್ಲ. ಸೀನಿದರೆ ಕೆಲವು ಸಲ ರಕ್ತದ ಗೆರೆ. ತಿಂಗಳಿಗೆ ಮೂರ್ನಾಲ್ಕು ದಿನ ಎಡ ಹಣೆ, ಎಡ ಕೆನ್ನೆ ಸಿಡಿಯುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಮೆಡಿಕಲ್ಲಿನಿಂದ ನೆಗಡಿ ಮಾತ್ರೆ ತಂದು ನುಂಗುತ್ತೇನೆ, ಕಳೆದ ವರ್ಷ ಐದು ಸಲ ಆ್ಯಂಟಿಬಯೋಟಿಕ್ ಆಗಿದೆ. ದಿನಕ್ಕೆ ಮೂರು ಸಲ ಹಬೆ ತೆಗೆದುಕೊಳ್ಳುತ್ತೇನೆ. ಮೊಸರು, ಮಜ್ಜಿಗೆ ಬಿಟ್ಟು ಒಂದೂವರೆ ವರ್ಷವಾಯಿತು. ಮೂಗಿನ ಮೂಳೆ ಓರೆಯಾಗಿದೆ, ಆಪರೇಷನ್ ಆಗಬೇಕು ಎಂದು ಒಬ್ಬರು ಹೇಳಿದ್ದಾರೆ. ವಾರಗಿತ್ತಿ ಜಲನೇತಿ ಮಾಡು, ಉಪ್ಪುನೀರಿನಿಂದ ಮೂಗು ತೊಳೆ ಎನ್ನುತ್ತಾಳೆ. ನಮ್ಮಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಇದೆ, ಅದರಲ್ಲೇ ಮಾಡಬಹುದೇ? ಇನ್ನೊಂದು ಮಾತು, ಈ ವರ್ಷ ಮುಟ್ಟು ಮೂರು ಸಲ ಮಾತ್ರ ಆಗಿದೆ, ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ, ಸುಮ್ಮನೆ ಬರೆದೆ.

ಉತ್ತರ: ಸಂಬಂಧ ಇದೆ. ನೀವು ಸುಮ್ಮನೆ ಬರೆದೆ ಎಂದ ಆ ಕೊನೆಯ ಸಾಲೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಮೊದಲು ಘಟ್ಟದ ಮೇಲೆ, ಈಗ ಕಾರವಾರದಲ್ಲಿ. ಪ್ರಾಕ್ಟೀಸಿನ ಮೊದಲ ಎಷ್ಟೋ ವರ್ಷ ನಾನೂ ಮೂಗು ತೋರಿಸಲು ಬಂದ ಹೆಂಗಸರಿಗೆ ‘ಮುಟ್ಟು ಸರಿಯಾಗಿ ಆಗ್ತಾ ಇದ್ಯಾ?’ ಎಂದು ಕೇಳಿದವಳಲ್ಲ. ಅವರೂ ಹೇಳುವುದಿಲ್ಲ. ಮೂಗಿನ ಡಾಕ್ಟರ ಮುಂದೆ ಮುಟ್ಟಿನ ಮಾತು ತೆಗೆಯಲು ಸಂಕೋಚ, ಹೆರಿಗೆ ಡಾಕ್ಟರ ಮುಂದೆ ಮೂಗಿನ ಮಾತು ಅಪ್ರಸ್ತುತ ಅನಿಸುತ್ತದೆ. ಹೀಗಾಗಿ ಒಂದೇ ಮೈಯಲ್ಲಿ ನಡೆಯುವ ಎರಡು ಸಂಗತಿ ಎರಡು ಚೀಟಿಯಲ್ಲಿ ಬೇರೆ ಬೇರೆಯಾಗಿಯೇ ಉಳಿದುಬಿಡುತ್ತವೆ. ಕೇಳಲು ಶುರು ಮಾಡಿದ ಮೇಲೆ ನನಗೆ ಗೊತ್ತಾದದ್ದೇನೆಂದರೆ, 45 ದಾಟಿದ ಮೇಲೆ ‘ಸೈನಸ್ ಜೋರಾಯಿತು’ ಎಂದು ಬರುವ ಹೆಂಗಸರಲ್ಲಿ ಬಹಳ ಮಂದಿಗೆ ಸೈನಸ್ಸಿನಲ್ಲಿ ಕೀವು ಇರುವುದೇ ಇಲ್ಲ. ಅವರ ಮೂಗು ಒಣಗಿರುತ್ತದೆ. ಒಣಗಿದ ಮೂಗನ್ನು ಇನ್ನಷ್ಟು ಒಣಗಿಸುವ ಮಾತ್ರೆಯನ್ನು ಅವರು ತಿಂಗಳುಗಟ್ಟಲೆ ನುಂಗಿರುತ್ತಾರೆ.

ಸೈನಸ್ ಎನ್ನುವುದು ಕಾಯಿಲೆಯ ಹೆಸರಲ್ಲ. ಮುಖದ ಮೂಳೆಗಳೊಳಗೆ ಗಾಳಿ ತುಂಬಿದ ನಾಲ್ಕು ಜೋಡಿ ಪೊಟರೆಗಳಿವೆ: ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ, ಮೂಗಿನ ತೀರ ಹಿಂದೆ. ಅವು ನನಗೂ ಇವೆ, ನಿಮಗೂ ಇವೆ. ಪೊಟರೆಯ ಗೋಡೆಗೆ ತೆಳ್ಳಗಿನ ತೇವದ ಪೊರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಸೆಕೆಂಡಿಗೆ 10–15 ಬಾರಿ ಬೀಸುತ್ತ ಸಿಂಬಳವನ್ನು ಬಾಗಿಲ ಕಡೆಗೆ ತಳ್ಳುತ್ತಲೇ ಇರುತ್ತವೆ. ನಿಮ್ಮ ತೋಟದ ಬಸಿಗಾಲುವೆ ಇಳಿಜಾರಿನಲ್ಲಿದೆ, ನೀರು ತಾನಾಗಿ ಹರಿಯುತ್ತದೆ. ಕೆನ್ನೆಯ ಸೈನಸ್ಸಿಗೆ ಆ ಅನುಕೂಲ ಇಲ್ಲ. ಅದರ ಬಾಗಿಲು ಇರುವುದು ಮೇಲ್ಗಡೆ. ನಾವು ನಿಂತಿರಲಿ, ಕೂತಿರಲಿ, ಸಿಂಬಳವನ್ನು ಏತದ ಹಾಗೆ ಮೇಲಕ್ಕೆತ್ತಿಯೇ ಹೊರಗೆ ಹಾಕಬೇಕು. ಎತ್ತುವವು ಆ ರೋಮಗಳು. ಸಿಂಬಳ ನೀರಾಗಿದ್ದರೆ ಅವಕ್ಕೆ ಕೆಲಸ ಹಗುರ. ಅಂಟಾಗಿ, ಗಟ್ಟಿಯಾದರೆ ರೋಮ ಸೋಲುತ್ತದೆ.

ಇಲ್ಲಿಗೇ ಈಸ್ಟ್ರೋಜೆನ್ ಬಂದು ಸೇರುವುದು. ಆ ಹಾರ್ಮೋನಿಗೆ ಗರ್ಭಕೋಶದಲ್ಲಿ ಮಾತ್ರ ಕೆಲಸ ಎಂದುಕೊಂಡಿದ್ದೇವೆ. ಮೂಗಿನ ಪೊರೆಯಲ್ಲೂ ಅದನ್ನು ಗುರುತಿಸುವ ಗ್ರಾಹಕಗಳಿವೆ. ಬಸುರಿಯರಿಗೆ ನೆಗಡಿಯಿಲ್ಲದೆಯೂ ಮೂಗು ಕಟ್ಟುತ್ತದಲ್ಲ, ಅದರಲ್ಲಿ ಏರಿದ ಹಾರ್ಮೋನುಗಳ ಕೈವಾಡ ಇದೆ; ಪೊರೆ ರಕ್ತ ತುಂಬಿ ಊದುತ್ತದೆ. ಹಾರ್ಮೋನು ಇಳಿದಾಗ ಇದು ತಿರುಗುಮುರುಗಾಗುತ್ತದೆ: ಪೊರೆ ತೆಳುವಾಗುತ್ತದೆ, ತೇವ ಕಡಿಮೆಯಾಗುತ್ತದೆ, ಸಿಂಬಳ ದಪ್ಪಗಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕಿತ್ತಲ್ಲಿ ರಕ್ತ ಜಿನುಗುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ಪೂರ್ತಿ ನಿಲ್ಲುವುದು ಸರಾಸರಿ 46–47ನೇ ವಯಸ್ಸಿಗೆ. ಅದಕ್ಕೆ ಮುಂಚಿನ ಮೂರ್ನಾಲ್ಕು ವರ್ಷ ಈಸ್ಟ್ರೋಜೆನ್ ನೆಟ್ಟಗೆ ಇಳಿಯುವುದಿಲ್ಲ, ಒಂದು ತಿಂಗಳು ಏರಿ ಮರುತಿಂಗಳು ಕುಸಿಯುತ್ತದೆ. ನೀವು ಇರುವುದು ಆ ಏರಿಳಿತದ ನಡುವೆ. ಒಂದು ವಾರ ಮೂಗು ಕಟ್ಟುವುದು, ಇನ್ನೊಂದು ವಾರ ಒಣಗಿ ಉರಿಯುವುದು, ಎರಡೂ ನಿಮಗೇ ಆಗುತ್ತಿದ್ದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಇದಕ್ಕೆ ರಾತ್ರಿಯ ಬೆವರು ಸೇರಿಸಿ ನೋಡಿ. ಎರಡು ಗಂಟೆಗೆ ಮೈ ಬಿಸಿಯಾಗಿ ಎಚ್ಚರಾಗುತ್ತದೆ. ಎದ್ದು ಫ್ಯಾನ್ ಐದಕ್ಕೆ ತಿರುಗಿಸುತ್ತೀರಿ. ಹತ್ತು ನಿಮಿಷಕ್ಕೆ ಬೆವರು ಆರಿ ಚಳಿಯಾಗುತ್ತದೆ, ಹೊದಿಕೆ ಎಳೆದುಕೊಳ್ಳುತ್ತೀರಿ, ಆದರೆ ಫ್ಯಾನ್ ಐದರಲ್ಲೇ ಉಳಿಯುತ್ತದೆ. ಬೆಳಗಿನವರೆಗೆ ಆ ಗಾಳಿ ನೇರ ಮುಖದ ಮೇಲೆ. ಕಟ್ಟಿದ ಮೂಗಿನಿಂದಾಗಿ ಬಾಯಿ ತೆರೆದೇ ಮಲಗಿರುತ್ತೀರಿ. ಆರು ಗಂಟೆಗೆ ಗಂಟಲು ಕಾಗದದಂತಾಗಿ, ಮೂಗಿನೊಳಗೆ ಹಕ್ಕಳೆ ಕೂತಿರುತ್ತದೆ. ‘ಮತ್ತೆ ಸೈನಸ್’ ಎಂದು ನೆಗಡಿ ಮಾತ್ರೆ ನುಂಗುತ್ತೀರಿ. ಈ ಸುತ್ತು ನನಗೂ ಗೊತ್ತು. ನನ್ನ ಮುಟ್ಟು ನಿಲ್ಲುವ ವರ್ಷಗಳಲ್ಲಿ ಇದೇ ಆಯಿತು. ನನಗೆ ಮೊದಲು ಗುಣ ಕಂಡದ್ದು ಟೇಬಲ್ ಫ್ಯಾನನ್ನು ತಲೆಯ ಕಡೆಯಿಂದ ಕಾಲ ಕಡೆಗೆ ಒಯ್ದು ಇಟ್ಟ ಮೇಲೆ. ತೆಳು ಹತ್ತಿಯ ನೈಟಿ, ಎರಡು ತೆಳು ಹೊದಿಕೆ, ಕೈಗೆಟುಕುವಲ್ಲಿ ನೀರಿನ ತಂಬಿಗೆ. ರಾತ್ರಿ ಎಚ್ಚರಾದಾಗ ಎರಡು ಗುಟುಕು ಕುಡಿಯಿರಿ.

ಈಗ ನಿಮ್ಮ ಮಾತ್ರೆಗಳ ವಿಷಯ. ಮೆಡಿಕಲ್ಲಿನಲ್ಲಿ ‘ನೆಗಡಿಗೆ’ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವ ಮಾತ್ರೆಯಲ್ಲಿ ಮೂರು ಔಷಧ ಸೇರಿರುತ್ತವೆ: ಜ್ವರ–ನೋವಿಗೆ ಪ್ಯಾರಾಸಿಟಮಾಲ್, ಸೀನಿಗೆ ಕ್ಲೋರ್‌ಫೆನಿರಮೈನ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್. ನೀರಿನಂತೆ ಸುರಿಯುವ ನೆಗಡಿಗೆ ಎರಡು ದಿನ ಅದು ಆರಾಮ ಕೊಡಬಹುದು. ಒಣ ಮೂಗಿಗೆ ಅದು ತಪ್ಪು ಮದ್ದು. ಕ್ಲೋರ್‌ಫೆನಿರಮೈನ್ ಇದ್ದ ತೇವವನ್ನೂ ಹೀರಿ ಕಫವನ್ನು ಅಂಟು ಮಾಡುತ್ತದೆ, ನಿದ್ದೆಗಣ್ಣು ತರುತ್ತದೆ. ಫಿನೈಲೆಫ್ರಿನ್ ಬಿಪಿ ಏರಿಸಬಹುದು, ಈ ವಯಸ್ಸಿನಲ್ಲಿ ಎಷ್ಟೋ ಮಂದಿಗೆ ಬಿಪಿ ಇದ್ದದ್ದೇ ಗೊತ್ತಿರುವುದಿಲ್ಲ. ಮೂಗಿಗೆ ಬಿಟ್ಟ ಕೂಡಲೇ ಉಸಿರು ತೆರೆಯುವ ಡ್ರಾಪ್ಸ್ ಕೂಡ ಹಾಗೆಯೇ, ಮೂರು ದಿನ, ಹೆಚ್ಚೆಂದರೆ ಐದು ದಿನ. ಅದಕ್ಕೂ ಮೀರಿ ಹಾಕಿದರೆ ಡ್ರಾಪ್ಸ್ ಇಳಿದಂತೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ವರ್ಷಗಟ್ಟಲೆ ದಿಂಬಿನ ಕೆಳಗೆ ಆ ಬಾಟಲಿ ಇಟ್ಟುಕೊಂಡು ಮಲಗಿದವರನ್ನು ನೋಡಿದ್ದೇನೆ.

ಐದು ಸಲ ಆ್ಯಂಟಿಬಯೋಟಿಕ್ ಆಯಿತೆಂದು ಓದಿ ನನಗೆ ಸಂಕಟವಾಯಿತು. ಮೂಗಿನ ಸೋಂಕುಗಳಲ್ಲಿ ಬಹುಪಾಲು ವೈರಸ್ಸಿನವು, ಹತ್ತು ದಿನದೊಳಗೆ ತಾವಾಗಿ ಹೋಗುತ್ತವೆ. ಸಿಂಬಳ ಹಳದಿ, ಹಸಿರಾದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ಬೇಕೆಂದಿಲ್ಲ. ಹತ್ತು ದಿನ ಕಳೆದರೂ ಕಡಿಮೆಯಾಗದಿದ್ದರೆ, ಕಡಿಮೆಯಾಗಿ ಮತ್ತೆ ಜೋರಾದರೆ, ಅಥವಾ ಶುರುವಿಗೇ ಕೀವಿನಂಥ ಸಿಂಬಳದ ಜೊತೆ ಜೋರು ಜ್ವರ ಮೂರ್ನಾಲ್ಕು ದಿನ ಹಿಡಿದರೆ ಮಾತ್ರ ಬ್ಯಾಕ್ಟೀರಿಯಾ ಇರಬಹುದೆಂದು ಯೋಚಿಸುತ್ತೇವೆ. ನಿಮ್ಮ ಪತ್ರದಲ್ಲಿ ಜ್ವರದ ಮಾತೇ ಇಲ್ಲ.

ತಿಂಗಳಿಗೆ ಮೂರ್ನಾಲ್ಕು ದಿನದ ಆ ತಲೆಶೂಲೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೇ ಬದಿ, ಸಿಡಿತ, ವಾಂತಿ ಬಂದ ಹಾಗಾಗುವುದು. ಬೆಳಕು ಕಂಡರಾಗುವುದಿಲ್ಲವೇ? ಒರಳಿನ ಸದ್ದು, ಮಿಕ್ಸರ್ ಸದ್ದು ಸಹಿಸಲಾಗುವುದಿಲ್ಲವೇ? ಕತ್ತಲೆ ಕೋಣೆಯಲ್ಲಿ ಮಲಗಿದರೆ ಹಿತವೇ? ಹೌದಾದರೆ ಅದು ಸೈನಸ್ಸಿನ ನೋವಲ್ಲ, ಮೈಗ್ರೇನ್. ನಂಬುವುದು ಕಷ್ಟ, ಏಕೆಂದರೆ ನೋವು ಕೆನ್ನೆಯಲ್ಲೇ ಇರುತ್ತದೆ, ಅದೇ ಹೊತ್ತಿಗೆ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮುಖದ ನೋವು ಒಯ್ಯುವ ನರಕ್ಕೂ ಮೂಗು–ಕಣ್ಣಿನ ಒಸರಿಗೂ ಮಿದುಳಿನಲ್ಲಿ ಕೊಂಡಿ ಇರುವುದರಿಂದ ಹಾಗೆ. ಅಮೆರಿಕದಲ್ಲಿ ‘ನಮಗೆ ಸೈನಸ್ ತಲೆನೋವು’ ಎಂದ ಸುಮಾರು 3000 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 88 ಮಂದಿಯ ಲಕ್ಷಣಗಳು ಮೈಗ್ರೇನಿನವೇ ಆಗಿದ್ದವು. ಈಸ್ಟ್ರೋಜೆನ್ನಿನ ಏರಿಳಿತ ಮೈಗ್ರೇನನ್ನು ಕೆರಳಿಸುತ್ತದೆ, ಹಾಗಾಗಿ ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲೇ ಅದು ಜಾಸ್ತಿ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೂರನೇ ದಿನ ನಿಮಗೆ ಗುಣವಾಗಿದ್ದರೆ ಅದೂ ಇದರಿಂದಲೇ ಇರಬಹುದು. ಮೈಗ್ರೇನ್ ನಾಲ್ಕು ಗಂಟೆಯಿಂದ ಮೂರು ದಿನದೊಳಗೆ ಹೇಗೂ ಇಳಿಯುತ್ತದೆ.

ಅಡುಗೆಮನೆಯ ಗೋಡೆಯ ಮೇಲೆ ಸಿಲಿಂಡರ್ ಬಂದ ತಾರೀಕು, ಎಮ್ಮೆ ಕರು ಹಾಕುವ ತಾರೀಕು ಗುರುತು ಹಾಕುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಇನ್ನು ಎರಡು ತಿಂಗಳು ನಾಲ್ಕು ಗುರುತು ಹಾಕಿ. ತಲೆ ಸಿಡಿದ ದಿನ ‘ತ’, ಮೂಗು ಕಟ್ಟಿದ ಅಥವಾ ಒಣಗಿದ ದಿನ ‘ಮೂ’, ಮುಟ್ಟಾದ ದಿನ ಒಂದು ಸುತ್ತು. ನೋವಿನ ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು. ಗೀಟು ತಿಂಗಳಿಗೆ ಹತ್ತು ದಾಟುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು ಎಂಬುದು ನೆನಪಿರಲಿ. ಎಷ್ಟೋ ಸ್ಕ್ಯಾನ್ ಹೇಳದ್ದನ್ನು ಆ ಹಾಳೆ ನನಗೆ ಹೇಳುತ್ತದೆ.

ಹಾಗಾದರೆ ನಿಜವಾದ, ಹಳೆಯ ಸೈನಸೈಟಿಸ್, ಅಂದರೆ ಸೈನಸ್ಸಿನ ಉರಿಯೂತ, ಹೇಗಿರುತ್ತದೆ? ಕಾರವಾರದ ಮೀನು ಪೇಟೆಯಿಂದ ಬಂದಿದ್ದ ಒಬ್ಬರು ನೆನಪಾಗುತ್ತಾರೆ. ಅವರಿಗೂ ನಿಮ್ಮದೇ ವಯಸ್ಸು. ತಲೆನೋವಿನ ಮಾತೇ ಅವರು ಎತ್ತಲಿಲ್ಲ. ‘ಬಾಯೀ, ನಂಗೆ ಮೀನಿನ ವಾಸ್ನೆ ಬರೂದಿಲ್ಲ’ ಎಂದರು. ಬಂಗಡೆ ತಾಜಾ ಹೌದೋ ಅಲ್ಲವೋ ಎಂದು ಮೂಗಿಗೆ ಹಿಡಿದೇ ಹೇಳುತ್ತಿದ್ದವರು, ಈಗ ಪ್ರತಿ ಬುಟ್ಟಿಯಲ್ಲೂ ಕಿವಿರು ಎತ್ತಿ ಬಣ್ಣ ನೋಡಬೇಕಾಗಿತ್ತು. ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಎರಡೂ ಹೊಳ್ಳೆ ಕಟ್ಟಿದ್ದವು, ದಪ್ಪ ಸಿಂಬಳ, ಜೊತೆಗೆ ಉಬ್ಬಸ. ಮೂಗಿನೊಳಗೆ ನೋಡುವ ದುರ್ಬೀನು, ಎಂಡೋಸ್ಕೋಪ್, ಹಾಕಿ ನೋಡಿದರೆ ಎರಡೂ ಬದಿ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಮೆತ್ತನೆ ಗಂಟುಗಳು, ಪಾಲಿಪ್, ತುಂಬಿದ್ದವು. ಅವರಿಗೆ ಔಷಧ ಕೊಟ್ಟು, ನಂತರ ಆಪರೇಷನ್ನೂ ಬೇಕಾಯಿತು. ಹನ್ನೆರಡು ವಾರಕ್ಕೂ ಹೆಚ್ಚು ಎಡೆಬಿಡದೆ ಮೂಗು ಕಟ್ಟುವುದು ಅಥವಾ ಸಿಂಬಳ ಸುರಿಯುವುದು, ಜೊತೆಗೆ ವಾಸನೆ ಹೋಗುವುದು ಅಥವಾ ಮುಖ ಭಾರ: ಇಷ್ಟಿದ್ದು, ಎಂಡೋಸ್ಕೋಪಿಯಲ್ಲೋ ಸಿಟಿ ಸ್ಕ್ಯಾನಿನಲ್ಲೋ ಕಂಡರೆ ಅದು ಹಳೆಯ ಸೈನಸೈಟಿಸ್. ನೋವೊಂದನ್ನೇ ನಂಬಿ ಆ ಹೆಸರು ಕೊಡಬಾರದು.

ಇನ್ನು ವಾರಗಿತ್ತಿಯ ಸಲಹೆ. ಅವರು ಹೇಳಿದ್ದು ಸರಿ. ಒಣ ಮೂಗಿಗೆ ಉಪ್ಪುನೀರಿಗಿಂತ ಒಳ್ಳೆಯದು ನನ್ನ ಬಳಿ ಏನೂ ಇಲ್ಲ. ಆದರೆ ಅಬ್ಬಿ ನೀರನ್ನು ಹಾಗೇ ಮೂಗಿಗೆ ಹಾಕಬೇಡಿ, ದಯವಿಟ್ಟು. ದಬ್ಬೆಯಲ್ಲಿ ಬರಲಿ, ಪೈಪಿನಲ್ಲಿ ಬರಲಿ, ಬಾವಿಯದಾಗಲಿ, ಹೊಳೆಯದಾಗಲಿ. ಕುಡಿಯಲು ಅದು ಎಷ್ಟು ಸಿಹಿಯಾಗಿದ್ದರೂ ಮೂಗಿಗೆ ಬೇರೆ ನಿಯಮ. ಸಿಹಿನೀರಿನಲ್ಲಿ, ಕೆಸರಿನಲ್ಲಿ ಬದುಕುವ ಒಂದು ಅಮೀಬಾ ಇದೆ, ನೇಗ್ಲೇರಿಯಾ ಎಂದು. ನೀರಿನ ಜೊತೆ ನುಂಗಿದರೆ ಏನೂ ಮಾಡುವುದಿಲ್ಲ. ಮೂಗಿನ ಮೇಲ್ಭಾಗಕ್ಕೆ ಹೋದರೆ ವಾಸನೆಯ ನರದ ಗುಂಟ ಮಿದುಳಿಗೆ ಏರುತ್ತದೆ. ರೋಗ ಅಪರೂಪ, ಬಂದರೆ ಉಳಿಯುವವರು ತೀರ ಕಡಿಮೆ. ಪಕ್ಕದ ಕೇರಳದಲ್ಲಿ 2024ರಲ್ಲೂ 2025ರಲ್ಲೂ ಮಿದುಳಿಗೆ ತಗಲುವ ಇಂಥ ಅಮೀಬಾ ರೋಗದಿಂದ ಜನ ಸತ್ತಿದ್ದಾರೆ. ಒಂದು ನಿಮಿಷ ಕೊತಕೊತ ಕುದಿಸಿದರೆ ಅದು ಸಾಯುತ್ತದೆ. ಅಷ್ಟೇ ಕೆಲಸ, ಅದನ್ನು ತಪ್ಪಿಸಬೇಡಿ. ಮನೆಯ ಫಿಲ್ಟರ್ ನೀರೂ ಕುದಿಸಿಯೇ ಆಗಬೇಕು.

ಮಾಡುವ ಬಗೆ ಹೀಗೆ. ಕಾಲು ಲೀಟರ್ ನೀರು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾಗಲು ಬಿಡಿ. ಅರ್ಧ ಟೀ ಚಮಚ ಪುಡಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಅಯೋಡಿನ್ ಉಪ್ಪು ಕೆಲವರಿಗೆ ಉರಿಯುತ್ತದೆ, ಉರಿದರೆ ಅಯೋಡಿನ್ ಇಲ್ಲದ್ದು ಬಳಸಿ. ಸಾಣಿಕಟ್ಟೆಯ ಹರಳುಪ್ಪು ಮನೆಯಲ್ಲಿದ್ದೇ ಇರುತ್ತದೆ. ಉಪ್ಪಿನಕಾಯಿಗೆ ಅದಕ್ಕೆ ಸಾಟಿಯಿಲ್ಲ, ಆದರೆ ಆಗರದ ಮಣ್ಣು ಸ್ವಲ್ಪ ಇರುತ್ತದೆ, ಹರಳಿನ ಅಳತೆಯೂ ಚಮಚಕ್ಕೆ ಸರಿಬರುವುದಿಲ್ಲ. ಮೂಗಿಗೆ ಪುಡಿ ಉಪ್ಪೇ ಇರಲಿ. ಉಪ್ಪಿಲ್ಲದ ಬರಿನೀರು ಹಾಕಿದರೆ ಮೂಗು ಚುಚ್ಚಿದಂತೆ ಉರಿಯುತ್ತದೆ. ಎಷ್ಟೋ ಮಂದಿ ಒಂದು ದಿನ ಹಾಗೆ ಮಾಡಿ, ಹೆದರಿ, ಬಿಟ್ಟುಬಿಡುತ್ತಾರೆ.

ನೇತಿ ಪಾತ್ರೆಯಾಗಲಿ, ಮೆಡಿಕಲ್ಲಿನಲ್ಲಿ ಸಿಗುವ ಒತ್ತುವ ಬಾಟಲಿಯಾಗಲಿ ಆದೀತು. ಬಚ್ಚಲಿನಲ್ಲಿ ಮುಂದಕ್ಕೆ ಬಾಗಿ, ತಲೆ ಒಂದು ಬದಿಗೆ ವಾಲಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತ ಮೇಲಿನ ಹೊಳ್ಳೆಗೆ ನಿಧಾನ ಹಾಕಿ. ‘ಆ…’ ಎನ್ನುತ್ತಿದ್ದರೆ ಗಂಟಲಿಗೆ ಇಳಿಯುವುದಿಲ್ಲ. ಕೆಳಗಿನ ಹೊಳ್ಳೆಯಿಂದ ನೀರು ಬರುತ್ತದೆ, ಮೊದಲು ಸ್ವಚ್ಛ, ಆಮೇಲೆ ಎಳೆ ಎಳೆಯಾಗಿ ಅಂಟು, ಕೆಲವು ಸಲ ಇಡೀ ಹಕ್ಕಳೆಯೇ ಮೆತ್ತಗಾಗಿ ಜಾರಿ ಬೀಳುತ್ತದೆ. ಉಗುರಿನಿಂದ ಕೀಳದೆ ಹಾಗೆ ಬಿದ್ದ ಹಕ್ಕಳೆಯ ಕೆಳಗೆ ರಕ್ತ ಬರುವುದು ಅಪರೂಪ. ಅರ್ಧರ್ಧ ಎರಡೂ ಬದಿಗೆ. ನಂತರ ಸೊಂಟ ಬಾಗಿಸಿ ತಲೆ ಎಡಕ್ಕೂ ಬಲಕ್ಕೂ ತಿರುಗಿಸಿ ನೀರು ಬಸಿಯಲು ಬಿಡಿ, ಎರಡೂ ಹೊಳ್ಳೆ ತೆರೆದಿಟ್ಟೇ ಮೆಲ್ಲಗೆ ಸೀಟಿ. ಒಂದನ್ನು ಒತ್ತಿ ಹಿಡಿದು ಜೋರಾಗಿ ಸೀಟಿದರೆ ಕಿವಿಗೆ ಹೊಡೆಯುತ್ತದೆ. ಬೆಳಗ್ಗೆ ಒಂದು, ಸಂಜೆ ಒಂದು. ಮಲಗುವ ಹೊತ್ತಿಗೆ ಬೇಡ, ಉಳಿದ ನೀರು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಮೂಗು ಪೂರ್ತಿ ಕಟ್ಟಿದಾಗ ಬಲವಂತ ಮಾಡಬೇಡಿ. ಪಾತ್ರೆಯನ್ನು ಕುದಿಸಿದ ನೀರಿನಲ್ಲೇ ತೊಳೆದು ಒಣಗಲು ಕವುಚಿಡಿ. ಎರಡು ವಾರ ಬಿಡದೆ ಮಾಡಿದ ಮೇಲೆ ಗುಣ ಹೇಗಿದೆ ನೋಡಿ.

ಹಬೆ ದಿನಕ್ಕೆ ಮೂರು ಸಲ ಬೇಡ. ಹಿತವಾಗುತ್ತದೆ ನಿಜ, ಅದು ಅರ್ಧ ಗಂಟೆಯ ಹಿತ. ಮೈ ಬಿಸಿಯೇರುವ ತೊಂದರೆ ಇರುವವರಿಗೆ ಹಬೆಯೇ ಒಂದು ಸುತ್ತು ಬೆವರಿಳಿಸುತ್ತದೆ. ಬಿಸಿ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರು ಪ್ರತಿ ಮಳೆಗಾಲದಲ್ಲೂ ಬರುತ್ತಾರೆ. ಬಚ್ಚಲಿನಲ್ಲಿ ಬಿಸಿನೀರಿನ ಸ್ನಾನ ಮಾಡುವಾಗ ಸಿಗುವ ಹಬೆ ಸಾಕು. ಮಲಗಿ ಮೂಗಿಗೆ ಎಣ್ಣೆ, ತುಪ್ಪ ಸುರಿಯುವುದೂ ಬೇಡ. ದಿನವೂ ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕೂರಬಹುದು. ತೊಳೆದ ಕಿರುಬೆರಳಿನಿಂದ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ಹೊಳ್ಳೆಯ ಬಾಗಿಲಿಗಷ್ಟೇ ಸವರಿ, ರಕ್ತದ ಗೆರೆಗೆ ಅದು ಒಳ್ಳೆಯದು.

ಪರೀಕ್ಷೆಯಲ್ಲಿ ಅಲರ್ಜಿ ಕಂಡರೆ ನಿಮ್ಮ ಡಾಕ್ಟರು ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಬರೆಯಬಹುದು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಬೇಡಿ, ಮೂಗಿನಿಂದ ಮೈಗೆ ಸೇರುವ ಪ್ರಮಾಣ ತೀರ ಅಲ್ಪ. ಉಪ್ಪುನೀರು ಹಾಕಿ ಕಾಲು ಗಂಟೆ ಬಿಟ್ಟು ಹೊಡೆಯಿರಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಆಗ ತುದಿ ತಾನಾಗಿ ಹೊರಗೋಡೆಯ ಕಡೆ, ಕಣ್ಣಿನ ಹೊರಮೂಲೆಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅಲ್ಲಿಯ ತೆಳು ಪೊರೆ ಒಡೆದು ರಕ್ತ ಬರುತ್ತದೆ, ಜನ ಸ್ಪ್ರೇಯನ್ನೇ ದೂರುತ್ತಾರೆ. ಡ್ರಾಪ್ಸಿನ ಹಾಗೆ ತಕ್ಷಣ ಉಸಿರು ತೆರೆಯುವುದಿಲ್ಲ, ಪೂರ್ತಿ ಗುಣ ಕಾಣಲು ಎರಡು ವಾರ ಬೇಕು.

ಮೊಸರು, ಮಜ್ಜಿಗೆ ಇವತ್ತಿನಿಂದಲೇ ಶುರು ಮಾಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಾಲು ಕುಡಿದ ಮೇಲೆ ಬಾಯಲ್ಲಿ ಕಫ ದಪ್ಪ ಅನಿಸುತ್ತದೆ ಅಷ್ಟೇ, ಹಾಲು–ಮೊಸರಿನಿಂದ ಸಿಂಬಳ ಹೆಚ್ಚು ಹುಟ್ಟುವುದಿಲ್ಲ. ಮುಟ್ಟು ನಿಲ್ಲುವ ಆಸುಪಾಸಿನ ಐದಾರು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಜೀವಮಾನದಲ್ಲೇ ಹೆಚ್ಚು. ಆಗ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ಊರಿಗೆಲ್ಲ ಹಾಲು ಕೊಟ್ಟು, ನೀವು ಒಂದೂವರೆ ವರ್ಷ ಮಜ್ಜಿಗೆಯಿಲ್ಲದೆ ಉಂಡಿದ್ದೀರಿ. ಊಟಕ್ಕೆ ತಂಬುಳಿ ಮಾಡಿ. ದೊಡ್ಡಪತ್ರೆಯದೋ, ಒಂದೆಲಗದ್ದೋ, ಯಾವುದಾದರೂ ಸರಿ. ತಣ್ಣಗಿನದು ಒಗ್ಗದಿದ್ದರೆ ಫ್ರಿಜ್ಜಿನಿಂದ ತೆಗೆದದ್ದು ಬೇಡ. ಬಿಸಿ ಕಷಾಯ ಕಫ ಸಡಿಲಿಸುತ್ತದೆ, ಕುಡಿಯಿರಿ. ಕಾಳುಮೆಣಸು ಜಾಸ್ತಿಯಾದರೆ ಮೈ ಬಿಸಿಯೇರುವುದು ಜಾಸ್ತಿಯಾಗುತ್ತದೆಯೇ ಎಂದು ನೀವೇ ಗಮನಿಸಿ.

ಮನೆಯೊಳಗಿನ ಗಾಳಿಯ ಪಾಲೂ ಇದೆ. ಒಣಗಿದ ಪೊರೆಗೆ ಧೂಳು, ಹೊಗೆ ತಡೆಯುವ ಶಕ್ತಿ ಕಡಿಮೆ. ಚಾಲಿ ಅಡಕೆ ಸುಲಿಯುವಾಗ ಏಳುವ ಧೂಳು, ಕೊಟ್ಟಿಗೆಗೆ ದರಕು ತುಂಬುವಾಗಿನ ಧೂಳು, ಬಚ್ಚಲ ಒಲೆಯ ಹೊಗೆ: ಇಪ್ಪತ್ತೈದನೇ ವಯಸ್ಸಿನಲ್ಲಿ ಇವೆಲ್ಲ ಸಹಿಸಿದ ಮೂಗು ಈಗ ಸಹಿಸುವುದಿಲ್ಲ. ಆ ಕೆಲಸಕ್ಕೆ ಎನ್-95 ಮಾಸ್ಕ್ ಹಾಕಿ. ಸೆರಗು ಮುಚ್ಚಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ಒಮ್ಮೆ ಉಪ್ಪುನೀರು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಗೋಡೆ, ಗಾದಿ, ಅಟ್ಟ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಹಾಸಿಗೆಯ ಧೂಳುಹುಳಕ್ಕೂ ಅದೇ ಸುಗ್ಗಿ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಬಿಸಿಲು ಬಿದ್ದ ದಿನ ಮೊದಲು ಅಂಗಳಕ್ಕೆ ಬರಬೇಕಾದದ್ದು ದಿಂಬು, ಗಾದಿ, ಕಂಬಳಿ. ಕರಾವಳಿಯವರಿಗೆ ವರ್ಷವಿಡೀ ತೇವ ಇರುವುದರಿಂದ ಒಣಗುವ ಕಾಟಕ್ಕಿಂತ ಬೂಷ್ಟಿನ ಕಾಟ ಹೆಚ್ಚು. ನಿಮಗೆ ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಒಣ ಚಳಿಯ ಬೆಳಗು ಕಷ್ಟ.

ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಈಗ ಬೇಡ. ಮೂಗಿನ ನಡುಮೂಳೆ ಅಳತೆಪಟ್ಟಿಯಷ್ಟು ನೆಟ್ಟಗಿರುವವರು ಕಡಿಮೆ. ನಿಮ್ಮದು ಓರೆಯಾಗಿದ್ದರೆ ಇಪ್ಪತ್ತರಲ್ಲೂ ಓರೆಯಾಗಿಯೇ ಇತ್ತು. ಇಪ್ಪತ್ತಾರು ವರ್ಷ ತೊಂದರೆ ಕೊಡದ ಮೂಳೆ 46ಕ್ಕೆ ಹಠಾತ್ತನೆ ಹೇಗೆ ಕಾರಣವಾಗುತ್ತದೆ? ಒಣಗಿದ ಮೂಗಿನಲ್ಲಿ ಅವಸರದ ಆಪರೇಷನ್ ಮಾಡಿ, ಒಳಗಿನ ಮಾಂಸದ ಮಡಿಕೆಗಳನ್ನು ಹೆಚ್ಚು ಕತ್ತರಿಸಿದರೆ ಮೂಗು ಇನ್ನೂ ಒಣಗುತ್ತದೆ. ಪಾಲಿಪ್ ಇದ್ದರೆ, ಸಿಟಿಯಲ್ಲಿ ಸೈನಸ್ ಮುಚ್ಚಿಹೋಗಿದ್ದು ಔಷಧದಿಂದ ಇಳಿಯದಿದ್ದರೆ ಆ ಮಾತು ಬೇರೆ.

ಹಾರ್ಮೋನ್ ಮಾತ್ರೆ, ಪ್ಯಾಚ್, ಜೆಲ್ ಇವನ್ನು ಮೂಗಿಗಾಗಿಯೇ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಆದರೆ ರಾತ್ರಿಯ ಬೆವರು ನಿಮ್ಮ ನಿದ್ದೆ ಕೆಡಿಸಿ ಹಗಲನ್ನೂ ಕೆಡಿಸುತ್ತಿದ್ದರೆ ಸ್ತ್ರೀರೋಗ ತಜ್ಞರ ಬಳಿ ಆ ಮಾತು ಎತ್ತಿ. ಸ್ತನ ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಅದು ಆಗುವುದಿಲ್ಲ. ಹಾರ್ಮೋನ್ ಅಲ್ಲದ ಔಷಧಗಳೂ ಇವೆ. ಬೆವರು ಕಡಿಮೆಯಾಗಿ ನಿದ್ದೆ ಬಂದ ಮೇಲೆ ಮೈಗ್ರೇನೂ ಇಳಿದ ಹೆಂಗಸರು ನನ್ನಲ್ಲಿ ಬರುತ್ತಾರೆ.

ತಡಮಾಡಬಾರದ ಕೆಲವು ಸಂಗತಿ ಹೇಳಿಬಿಡುತ್ತೇನೆ. ಕಣ್ಣಿನ ಸುತ್ತ ಬಾವು, ಒಂದು ಎರಡಾಗಿ ಕಾಣುವುದು, ಹಣೆ ಊದುವುದು, ಜ್ವರದ ಜೊತೆ ಕತ್ತು ಬಿಗಿಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ ಮುಖ ನೋವು, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೂ ಹಾಗೆಯೇ. 2021ರ ಕಪ್ಪು ಶಿಲೀಂಧ್ರ ಯಾರೂ ಮರೆತಿಲ್ಲ. ಒಂದೇ ಹೊಳ್ಳೆ ಕಟ್ಟಿ ಅದರಲ್ಲೇ ಪದೇಪದೇ ರಕ್ತ ಬಂದರೆ ವಾರದೊಳಗೆ ತೋರಿಸಿ. ಒಂದೇ ಬದಿಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಮೇಲಿನ ದವಡೆ ಹಲ್ಲನ್ನೂ ತೋರಿಸಿ, ಹಲ್ಲಿನ ಬೇರಿನ ಕೀವು ಕೆನ್ನೆಯ ಸೈನಸ್ಸಿಗೆ ಏರಿರಬಹುದು. ಬಗ್ಗಿದ ಕೂಡಲೇ ಒಂದೇ ಹೊಳ್ಳೆಯಿಂದ ಉಪ್ಪು ರುಚಿಯ ಸ್ವಚ್ಛ ನೀರು ತೊಟ್ಟಿಕ್ಕಿದರೆ ಅದು ನೆಗಡಿಯಲ್ಲದೆ ಮಿದುಳಿನ ಸುತ್ತಲಿನ ದ್ರವವೂ ಆಗಿರಬಹುದು. ದಪ್ಪ ಮೈಯ, ನಡುವಯಸ್ಸಿನ ಹೆಂಗಸರಲ್ಲಿ ಅದು ಕಾಣುತ್ತದೆ. ಆಗ ನೇತಿ ನಿಲ್ಲಿಸಿ ನಮ್ಮ ಬಳಿ ಬನ್ನಿ. ಮೂಗಿನ ಜೊತೆ ಕಣ್ಣು, ಬಾಯಿಯೂ ಒಣಗಿ, ಒಣ ಅವಲಕ್ಕಿ ನೀರಿಲ್ಲದೆ ನುಂಗಲಾಗದಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಬೇಕು. ಮುಟ್ಟು ನಿಂತು ಪೂರ್ತಿ ಹನ್ನೆರಡು ತಿಂಗಳು ಕಳೆದ ಮೇಲೆ ಕೆಳಗೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮೂಗಿನ ಉತ್ತರದಲ್ಲಿ ಈ ಮಾತೇಕೆ ಎನ್ನಬೇಡಿ, ಬೇರೆ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ.

ಅವಸರದ್ದು ಯಾವುದೂ ಇಲ್ಲದಿದ್ದರೆ ಈ ವಾರವೇ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಾದರೂ ಮೂಗು ಕಟ್ಟುತ್ತದೆ, ರಕ್ತ ಕಡಿಮೆಯಾದರೂ ತಲೆ ನೋಯುತ್ತದೆ. ನೆಗಡಿ ಮಾತ್ರೆ ನಿಲ್ಲಿಸಿ, ಉಪ್ಪುನೀರು ಶುರು ಮಾಡಿ, ಫ್ಯಾನ್ ಕಾಲ ಕಡೆಗಿಡಿ. ಎರಡು ತಿಂಗಳಾದ ಮೇಲೆ ಮೂಗಿನ ಡಾಕ್ಟರ ಬಳಿ ಹೋಗಿ ಎಂಡೋಸ್ಕೋಪ್ ಹಾಕಿ ನೋಡಲು ಹೇಳಿ. ಕೂತ ಕೂಡಲೇ, ಅವರು ಕೇಳುವ ಮೊದಲೇ, ಮುಟ್ಟಿನ ವಿಷಯ ಹೇಳಿ. ಕ್ಯಾಲೆಂಡರಿನ ಆ ಎರಡು ಹಾಳೆ ಹರಿದು ಜೊತೆಗೆ ಒಯ್ಯಿರಿ.